ಮೂವತ್ತಾರು ಸುತ್ತು

ಹಾಲಮ್ಮನ ಹೆಸರಿಗೆ ಬಂದ ನೋಟೀಸನ್ನು ಶಾಲೆ ಮೇಷ್ಟ್ರು ಗಿರಿಯಪ್ಪ ಓದಿ ಹೇಳುತ್ತಿದ್ದರು. ಅರ್ಧಕ್ಕೆ ಬಂದವರು ಒಂದು ಸಾಲಿನ ಮೇಲೆ ಬೆರಳಿಟ್ಟು ನಿಲ್ಲಿಸಿದರು.

"ಎಂತಕ್ಕೆ ನಿಲ್ಸಿದ್ರಿ ಮೇಷ್ಟ್ರೇ? ಓದಿ."

"ಇದೊಂದು ಸಾಲು ಬ್ಯಾಡ ಹಾಲಮ್ಮ. ಮುಂದಿಂದು ಓದ್ತೀನಿ."

"ನನ್ನ ಹೆಸ್ರಿಗೆ ಬಂದ ಕಾಗ್ದ. ನಂಗೆ ಬ್ಯಾಡ ಅಂದ್ರೆ ಇನ್ಯಾರಿಗೆ ಬೇಕು?"

ಮೇಷ್ಟ್ರು ತಲೆ ಎತ್ತದೆ ಓದಿದರು: 'ಸದರಿ ವಿಧವೆಯು ನಾಲ್ಕು ವರ್ಷಗಳಿಂದ ದಿನಕ್ಕೆ ಮೂರು ಬಾರಿ ನರದ ಗುಳಿಗೆ ಸೇವಿಸುತ್ತಿದ್ದು, ಬುದ್ಧಿ ಸ್ತಿಮಿತ ಕಳೆದುಕೊಂಡವಳಾಗಿರುತ್ತಾಳೆ. ಆದ್ದರಿಂದ ಸದರಿ ಮೂರೂವರೆ ಎಕರೆ ಬದಲಿ ಜಮೀನನ್ನು ಆಕೆಯ ಮೃತ ಗಂಡನ ಅಣ್ಣನಾದ ಅರ್ಜಿದಾರನ ಹೆಸರಿಗೆ ಮಾಡಿಕೊಡಬೇಕಾಗಿ ಪ್ರಾರ್ಥನೆ.' ಅರ್ಜಿದಾರ ಜಟ್ಟಿಂಗಪ್ಪ. ಪುರಾವೆಯಾಗಿ ಡಾಕ್ಟರ ಚೀಟಿ ಲಗತ್ತಿಸಿದೆ. ವಿಚಾರಣೆ ಹೊಸನಗರದ ತಾಲ್ಲೂಕು ಕಚೇರಿಯಲ್ಲಿ. ಪುನರ್ವಸತಿ ಸಾಹೇಬರು ವರ್ಷಕ್ಕೆ ಎರಡೇ ಸಲ ಬರುತ್ತಿದ್ದುದರಿಂದ ತಾರೀಖು ಐದು ತಿಂಗಳು ಮುಂದಿತ್ತು: ೧೯೬೮ರ ಏಪ್ರಿಲ್ ಹದಿನೆಂಟು.

ಹಾಲಮ್ಮ ಕಾಗದವನ್ನು ಇಸಿದುಕೊಂಡು ನಾಲ್ಕಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿದಳು. ಆ ಡಾಕ್ಟರ ಚೀಟಿಯನ್ನು ಬಾವನ ಕೈಗೆ ಕೊಟ್ಟವಳು ಅವಳೇ. ತೀರ್ಥಹಳ್ಳಿಗೆ ಹೋದಾಗ ಗುಳಿಗೆ ತಂದುಕೊಡಲಿ ಎಂದು.

ಆ ಗುಳಿಗೆ ಅವಳಿಗೆ ಯಾಕೆ ಬಂತು ಎಂಬುದನ್ನು ಅರ್ಜಿಯಲ್ಲಿ ಯಾರೂ ಬರೆದಿರಲಿಲ್ಲ. ಬರೆಯುವುದೂ ಇಲ್ಲ. ಶರಾವತಿಗೆ ಅಣೆಕಟ್ಟು ಕಟ್ಟಿ, ಹೊಸನಗರದ ಕಡೆಯ ಅವಳ ಊರು ಮುಳುಗುತ್ತದೆಂದು ಹೇಳಿ, ಲಾರಿಯಲ್ಲಿ ತಂದು ಕೋಣಂದೂರಿನಾಚೆ ಕಡಿದ ಕಾಡಿನ ಪುನರ್ವಸತಿ ಕ್ಯಾಂಪಿನಲ್ಲಿ ಇಳಿಸಿದರು. ಹೊಲದ ಪರಿಹಾರ ಒಡೆಯರ ಪಾಲಾಯಿತು. ಉತ್ತವರಿಗೆ ಲಾರಿಯೂ ಬದಲಿ ಗದ್ದೆಯ ಮಾತೂ ಸಿಕ್ಕಿತು. ಇಳಿದ ವಾರದಿಂದ ಹಾಲಮ್ಮನ ಎದೆ ಡಬಡಬ ಹೊಡೆದುಕೊಳ್ಳತೊಡಗಿತು. ಕೂತಲ್ಲಿ ಕಾಲಬುಡಕ್ಕೆ ನೀರು ಬಂದ ಹಾಗಾಗಿ ಎದ್ದು ಓಡುತ್ತಿದ್ದಳು. ಕ್ಯಾಂಪಿಗೆ ಬಂದ ಪ್ರತಿ ಜೀಪಿಗೂ ಅಡ್ಡ ನಿಂತು, "ಗದ್ದೆ ಎಲ್ಲಿದೆ ತೋರ್ಸಿ" ಎಂದು ಕೂಗುತ್ತಿದ್ದಳು. ಗುರುವಾರಕ್ಕೊಮ್ಮೆ ಬರುತ್ತಿದ್ದ ಕ್ಯಾಂಪಿನ ಡಾಕ್ಟರು ಅವಳ ನಾಡಿಯನ್ನೂ ಹಿಡಿಯದೆ ನರ ವೀಕ್ ಎಂದರು; ಬಿಳಿ ಗುಳಿಗೆ ಬರೆದರು, ದಿನಕ್ಕೆ ಮೂರು. ಹದಿನೈದು ದಿನದಲ್ಲಿ ಕೂಗು ನಿಂತಿತು. ಜೀಪುಗಳು ಸರಾಗವಾಗಿ ಬಂದುಹೋದವು. ಗುಳಿಗೆ ನಿಲ್ಲಿಸುವುದು ಯಾವಾಗ ಎಂದು ಕೇಳಬೇಕೆನ್ನುವಷ್ಟರಲ್ಲಿ ಗುರುವಾರದ ಡಾಕ್ಟರೇ ನಿಂತುಹೋದರು. ಚೀಟಿ ಉಳಿಯಿತು.

ಎರಡನೇ ವರ್ಷ ಗಂಡ ಕನ್ನಪ್ಪ ಜ್ವರದಲ್ಲಿ ತೀರಿಕೊಂಡ. ಹಾಲಮ್ಮ ಹೆಣದ ಪಕ್ಕ ಕಂಬದಂತೆ ಕೂತಿದ್ದಳು. ಕಣ್ಣಲ್ಲಿ ಒಂದು ಹನಿ ಬರಲಿಲ್ಲ. "ಗಟ್ಟಿಗಿತ್ತಿ" ಎಂದರು ಕೆಲವರು. "ಕಲ್ಲು" ಎಂದರು ಉಳಿದವರು. ಅಳುವನ್ನು ಗುಳಿಗೆ ನುಂಗಿತ್ತು, ಅಷ್ಟೆ.

ನೋಟೀಸು ಬಂದ ದಿನವೇ ಅವಳು ನಿರ್ಧರಿಸಿದಳು. ಸಾಹೇಬರ ಮುಂದೆ ಗುಳಿಗೆಯ ತಲೆ ಹೊತ್ತು ನಿಲ್ಲಬಾರದು, ತನ್ನ ತಲೆ ಹೊತ್ತು ನಿಲ್ಲಬೇಕು. ಹೆಂಡ ಬಿಡುವವರು, ಹೊಗೆಸೊಪ್ಪು ಬಿಡುವವರು ಏನು ಮಾಡುತ್ತಿದ್ದರೋ ಅದನ್ನೇ ಅವಳೂ ಮಾಡಿದಳು. ಮುಳುಗುವ ಊರಿನಿಂದ ಜನ ತಮ್ಮ ಜೊತೆಗೆ ಊರದೇವತೆ ಚೌಡಿಯ ಕಲ್ಲನ್ನೂ ಲಾರಿಗೆ ಹೇರಿಕೊಂಡು ಬಂದು ಮತ್ತಿಮರದ ಬುಡದಲ್ಲಿ ನಿಲ್ಲಿಸಿದ್ದರು. ಬಿಡಬೇಕಾದ್ದನ್ನು ಚೌಡಿಯ ಮುಂದೆ ಇಟ್ಟು, ತಿರುಗಿ ನೋಡದೆ ಬಂದರೆ ಬಿಟ್ಟ ಹಾಗೆ. ಚೌಡಿಗೆ ಬಿಟ್ಟದ್ದನ್ನು ಯಾರೂ ವಾಪಸು ಮುಟ್ಟುವಂತಿಲ್ಲ. ಹಾಲಮ್ಮ ಸ್ನಾನ ಮಾಡಿ ಗುಳಿಗೆಯ ಡಬ್ಬಿಯನ್ನು ಅಲ್ಲಿಟ್ಟಳು. ತಿರುಗಿ ನೋಡಲಿಲ್ಲ.

ಮೊದಲ ದಿನ ಕೈ ನಡುಗಿತು. ಎರಡನೇ ದಿನ ಬೆವರು ಸೀರೆಯನ್ನು ತೋಯಿಸಿತು. ಮೂರನೇ ದಿನ ಹಗಲು ಹನ್ನೆರಡಕ್ಕೆ, ಸೊಪ್ಪಿನ ಹೊರೆ ಹೊತ್ತು ಕ್ಯಾಂಪಿನ ರಸ್ತೆಯಲ್ಲಿ ಬರುತ್ತಿದ್ದವಳು ಹೊರೆಸಮೇತ ಬಿದ್ದಳು. ಕೈಕಾಲು ಸೆಟೆದು ಹೊಡೆದುಕೊಂಡವು. ನಾಲಗೆ ಕಚ್ಚಿ ರಕ್ತ ಬಂತು. ಜನ ಸೇರಿದರು. ಯಾರೋ ಕೈಗೆ ಕಬ್ಬಿಣ ಕೊಡಿ ಎಂದರು, ಯಾರೋ ಈರುಳ್ಳಿ ತನ್ನಿ ಎಂದರು.

ಜಟ್ಟಿಂಗಪ್ಪನೂ ಬಂದಿದ್ದ. "ನೋಡ್ಕಳಿ ಎಲ್ರೂ. ನಾ ಬರ್ಸಿದ್ದು ಸುಳ್ಳಾ? ನಾಳೆ ಸಾಕ್ಷಿಗೆ ಕರೆದ್ರೆ ಇದನ್ನೇ ಹೇಳಿ" ಎಂದ.

"ನಿನ್ನ ಸಾಕ್ಷಿ ಆಮೇಲೆ. ಈಗ ಬೆಳಕು ಬಿಟ್ಟು ಆಚೆ ನಿಲ್ಲು ಮಾರಾಯ" ಎಂದು ಅವನನ್ನು ನೂಕಿ ಒಳಗೆ ಬಂದವಳು ಹೂವಮ್ಮ. ಆ ಊರಿನ ಮೂರು ತಲೆಮಾರನ್ನು ಹೊರಗೆಳೆದ ಸೂಲಗಿತ್ತಿ. ವಯಸ್ಸು ಅರವತ್ತು ದಾಟಿತ್ತು. ಹಾಲಮ್ಮನನ್ನು ಮಗ್ಗುಲಾಗಿ ಮಲಗಿಸಿ, ಬಾಯಿ ಒರೆಸಿ, ಹೊಡೆತ ನಿಲ್ಲುವವರೆಗೆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಎಚ್ಚರವಾದ ಮೇಲೆ ಕೇಳಿದಳು.

"ಎಂತ ಮಾಡ್ಕಂಡೆ?"

"ಗುಳಿಗೆ ಬಿಟ್ಟೆ ಹೂವಕ್ಕ. ಚೌಡಿಗೆ."

"ಒಂದೇ ಸಲಕ್ಕಾ? ಹಸುಗೂಸಿಗೆ ಮೊಲೆ ಬಿಡ್ಸೋದಾದ್ರೂ ಮೂರು ತಿಂಗಳು ಬೇಕು ಕಣೇ."

"ಬಿಟ್ಟಿದ್ದು ಬಿಟ್ಟಾಯ್ತು. ಸತ್ರೂ ಮುಟ್ಟಲ್ಲ."

"ಸತ್ರೆ ಜಟ್ಟಿಂಗಪ್ಪಂಗೆ ಅರ್ಜಿನೂ ಬ್ಯಾಡ."

ಹೂವಮ್ಮ ಮತ್ತಿಮರದ ಬುಡಕ್ಕೆ ನಡೆದಳು. ಜನ ಹಿಂದೆ ಹೋದರು. ಅವಳು ಸೆರಗು ಬಿಗಿದು ಚೌಡಿಯ ಎದುರು ನಿಂತು ಗಟ್ಟಿಯಾಗಿ ಹೇಳಿದಳು: "ಕೊಟ್ಟೋಳು ಅವ್ಳು, ತಗಳೋಳು ನಾನು. ಸಿಟ್ಟು ಬಂದ್ರೆ ನನ್ನ ಮೇಲೆ ಬರ್ಲಿ. ನೀನೂ ಮನೆಮಠ ಕಳ್ಕಂಡು ಲಾರೀಲಿ ಬಂದೋಳು, ಗೊತ್ತಾಗ್ತದೆ ನಿಂಗೆ." ಡಬ್ಬಿ ಎತ್ತಿಕೊಂಡು ಬಂದಳು. ಚೌಡಿ ಸುಮ್ಮನಿದ್ದಳು.

ಮರುದಿನ ಇಬ್ಬರೂ ಮೊದಲ ಬಸ್ಸಿಗೆ ತೀರ್ಥಹಳ್ಳಿಗೆ ಹೋದರು. ಅಲ್ಲಿ ಮುಕುಂದಯ್ಯ ಎಂಬ ಹಳೆಯ ಡಾಕ್ಟರಿದ್ದರು. ಗುಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ ಹುಬ್ಬು ಗಂಟಿಕ್ಕಿದರು.

"ನಾಲ್ಕು ವರ್ಷ ಇದನ್ನ ಯಾರಮ್ಮ ಕೊಟ್ಟಿದ್ದು?"

"ಸರ್ಕಾರ" ಎಂದಳು ಹಾಲಮ್ಮ.

"ಇದು ನಿನ್ನ ಮೈಗೆ ರೂಢಿಯಾಗಿದೆ. ಒಮ್ಮೆಗೇ ಬಿಟ್ರೆ ನಿನ್ನೆ ಆದ ಹಾಗೇ ಆಗುತ್ತೆ. ಜೀವಾನೂ ಹೋಗಬಹುದು. ತಗೊಂಡೇ ಇರೋದಾದ್ರೆ ತೊಂದರೆಯಿಲ್ಲ."

"ಬಿಡೋದು ಹೆಂಗೆ ಹೇಳಿ ಸ್ವಾಮಿ. ತಗಳೋದು ನಂಗೆ ಗೊತ್ತು."

ಡಾಕ್ಟರು ಅವಳ ಮುಖ ನೋಡಿದರು. ಆಮೇಲೆ ಸ್ವರ ಬದಲಾಯಿತು. "ಇಷ್ಟಿಷ್ಟೇ ಇಳಿಸಬೇಕು. ಐದು ತಿಂಗಳಾದ್ರೂ ಹಿಡಿಯುತ್ತೆ. ಅರ್ಧ ಮಾಡಿ, ಕಾಲು ಮಾಡಿ..." ಎನ್ನುತ್ತ ಬ್ಲೇಡಿನಿಂದ ಒಂದು ಗುಳಿಗೆ ಕತ್ತರಿಸಿದರು. ಅದು ಪುಡಿಯಾಗಿ, ಒಂದು ಚೂರು ಮೇಜಿನ ಕೆಳಗೆ ಹಾರಿತು.

"ಇದ್ರಲ್ಲಿ ಅರ್ಧ ಯಾವ್ದು ಸ್ವಾಮಿ?" ಎಂದಳು ಹಾಲಮ್ಮ. ಡಾಕ್ಟರಿಗೂ ನಗು ಬಂತು.

ಹೂವಮ್ಮ ನಗಲಿಲ್ಲ. "ತೇಯ್ದ್ರೆ ಆಗಲ್ವಾ?" ಎಂದಳು.

"ತೇಯೋದಂದ್ರೆ?"

"ಕೂಸಿಗೆ ಬಜೆ ಎರಡು ಸುತ್ತು, ಜಾಯಿಕಾಯಿ ಒಂದು ಸುತ್ತು, ಅಳಲೆಕಾಯಿ ಮೂರು ಸುತ್ತು ಅಂತ ಕಲ್ಲಿನ ಮೇಲೆ ತೇಯ್ದು ನೆಕ್ಕಿಸ್ತೀವಲ್ಲ. ಒಂದು ಸುತ್ತು ಹೆಚ್ಚಾದ್ರೆ ಕೂಸು ಉಳಿಯಲ್ಲ. ನಲವತ್ತು ವರ್ಷದಿಂದ ತೇಯ್ತಾ ಇದೀನಿ, ಒಂದೂ ಹೋಗಿಲ್ಲ. ಈ ಗುಳಿಗೆ ಎಷ್ಟು ಸುತ್ತಿಗೆ ಕರಗ್ತದೆ ನೋಡ್ಕಂಡು, ಸುತ್ತು ಕಮ್ಮಿ ಮಾಡ್ತಾ ಬಂದ್ರೆ?"

ಡಾಕ್ಟರು ಬ್ಲೇಡನ್ನು ಪಕ್ಕಕ್ಕಿಟ್ಟರು. "ನಾನು ಓದಿದ ಪುಸ್ತಕದಲ್ಲಿ ಇದಿಲ್ಲ. ಆದ್ರೆ ತಪ್ಪೂ ಕಾಣಿಸ್ತಿಲ್ಲ. ಹೊತ್ತು ತಪ್ಪಿಸಬೇಡಿ. ತಿಂಗಳಿಗೊಮ್ಮೆ ತೋರಿಸಿ. ಮತ್ತೆ ಬಿದ್ರೆ ಅದೇ ದಿನ ಬನ್ನಿ" ಎಂದರು. ಬಾಗಿಲವರೆಗೆ ಬಂದು ಕಳಿಸಿದರು. ಆ ಆಸ್ಪತ್ರೆಗೆ ಬಂದ ಎಷ್ಟು ಹೆಂಗಸರಿಗೆ ಆ ಮರ್ಯಾದೆ ಸಿಕ್ಕಿತ್ತೋ!

ಹೂವಮ್ಮ ತನ್ನ ಬಾಣಂತನದ ಕಲ್ಲನ್ನು ತೊಳೆದು ಮೂರು ಗುಳಿಗೆ ತೇಯ್ದು ನೋಡಿದಳು. ನೀರು ಚಿಮುಕಿಸಿ, ತೋರುಬೆರಳಲ್ಲಿ ಒಂದೇ ಹದದಲ್ಲಿ ಒತ್ತಿ ಸುತ್ತಿದರೆ ಮೂರೂ ಹನ್ನೆರಡು ಸುತ್ತಿಗೆ ಸರಿಯಾಗಿ ಕರಗಿದವು. ದಿನಕ್ಕೆ ಮೂರು ಗುಳಿಗೆ, ಮೂವತ್ತಾರು ಸುತ್ತು. ನಾಲ್ಕು ದಿನಕ್ಕೊಂದು ಸುತ್ತು ಇಳಿಸುವುದೆಂದು ತೀರ್ಮಾನವಾಯಿತು. ಹಾಲಮ್ಮನ ಕೈ ನಡುಗುತ್ತಿದ್ದುದರಿಂದ ತೇಯುವ ಕೆಲಸ ಹೂವಮ್ಮನದು. ಸುತ್ತು ಎಣಿಸುವ ಕೆಲಸ ಹಾಲಮ್ಮನದು. ಇಬ್ಬರಿಗೂ ಅಕ್ಷರ ಬಾರದು. ಆದರೂ ಒಂದು ದಿನ ಲೆಕ್ಕ ತಪ್ಪಲಿಲ್ಲ.

ಮೂವತ್ತಕ್ಕೆ ಇಳಿಯುವವರೆಗೆ ದೊಡ್ಡದೇನೂ ಆಗಲಿಲ್ಲ. ಅಲ್ಲಿಂದ ಕೆಳಗೆ ಒಂದೊಂದು ಸುತ್ತೂ ಜಗಳವಾಡಿಯೇ ಇಳಿಯಿತು. ಚರ್ಮದ ಕೆಳಗೆ ಇರುವೆ ಹರಿದಂತಾಗುತ್ತಿತ್ತು. ಕೋಣಂದೂರಿನ ಬಸ್ಸಿನ ಹಾರ್ನ್ ನೆತ್ತಿಯ ಮೇಲೇ ಊದಿದ ಹಾಗೆ. ಅನ್ನ ತಾಮ್ರದ ರುಚಿ. ನಾಲ್ಕು ವರ್ಷ ಎಲ್ಲಿ ಅಡಗಿತ್ತೋ ಆ ಹಳೆಯ ಭಯ ಹಗಲು ಹೊತ್ತಿನಲ್ಲೇ ಬಂದು ಎದೆ ಮೇಲೆ ಕೂರುತ್ತಿತ್ತು. ಆಗ ಹಾಲಮ್ಮ ಹಾರೆ ಹಿಡಿದು ಬದಲಿ ಜಮೀನಿಗೆ ಹೋಗುತ್ತಿದ್ದಳು. ಸರ್ಕಾರ ಕೊಟ್ಟದ್ದು ಗದ್ದೆಯಲ್ಲ, ಬುಡ ಉಳಿದ ಕಾಡು. ಭಯ ಬಂದಾಗಲೆಲ್ಲ ಒಂದು ಮರದ ಬುಡದ ಸುತ್ತ ಅಗೆಯುತ್ತಿದ್ದಳು. ಭಯ ಹೋಗುತ್ತಿರಲಿಲ್ಲ, ಬುಡ ಮಾತ್ರ ಸಡಿಲವಾಗುತ್ತಿತ್ತು. ಆ ಚಳಿಗಾಲದಲ್ಲಿ ಹನ್ನೊಂದು ಬುಡ ಎದ್ದವು.

ಇಪ್ಪತ್ತಾರರಲ್ಲಿ ಅವಳಿಗೆ ಸಾಕಾಯಿತು. ಮೂರು ದಿನ ರೆಪ್ಪೆ ಮುಚ್ಚಿರಲಿಲ್ಲ.

"ಎರಡು ಸುತ್ತು ಮೇಲೆ ಹತ್ತು. ಯಾರೂ ನೋಡಲ್ಲ" ಎಂದಳು ಹೂವಮ್ಮ.

"ನಾ ನೋಡ್ತೀನಲ್ಲ."

"ಹಂಗಾದ್ರೆ ಸಾಯಿ."

"ಹತ್ತಲ್ಲ, ಇಳಿಯಲ್ಲ. ನಿಂತ್ಕತೀನಿ."

ಹೆಚ್ಚಿಗೆ ಹನ್ನೆರಡು ದಿನ ಇಪ್ಪತ್ತಾರರಲ್ಲೇ ನಿಂತಳು. ಹದಿಮೂರನೇ ಬೆಳಿಗ್ಗೆ ಇಪ್ಪತ್ತೈದು ಎಂದು ಅವಳೇ ಹೇಳಿದಳು. ಇಪ್ಪತ್ತಕ್ಕೆ ಬಂದಾಗ ಕಲ್ಲನ್ನು ತನ್ನ ಕಡೆ ಎಳೆದುಕೊಂಡಳು. "ಇನ್ನು ನನ್ನ ಗುಳಿಗೆ ನಾನೇ ತೇಯ್ಕತೀನಿ."

ಆ ದಿನಗಳಲ್ಲೊಮ್ಮೆ ಜಟ್ಟಿಂಗಪ್ಪ ತೀರ್ಥಹಳ್ಳಿಯಿಂದ ಹೊಸ ಡಬ್ಬಿ ಹಿಡಿದು ಬಂದ. ಅವನ ಕಣ್ಣಲ್ಲಿ ನಿಜವಾದ ಕರುಣೆಯೇ ಇತ್ತು, ಕಷ್ಟವೆಂದರೆ ಅದೇ.

"ಎಂತಕ್ಕೆ ಇಷ್ಟು ಸಂಕಟ ಪಡ್ತೀಯ ಹಾಲಮ್ಮ? ನುಂಗು, ಸುಮ್ನೆ ಮಲಗು. ಅನ್ನ ನಾ ಹಾಕ್ತೀನಿ."

"ನನ್ನ ಮೂರೂವರೆ ಎಕ್ರೆ ಅನ್ನವಾ ಬಾವ?"

ಅವನು ನೆಲ ನೋಡಿದ. "ನಂಗೆ ಆರು ಮಕ್ಳು. ಕೊಟ್ಟಿದ್ದು ಎರಡೆಕ್ರೆ ಕಲ್ಲು. ನಾನೆಂತ ಮಾಡ್ಲಿ?"

"ಕಲ್ಲು ಕೊಟ್ಟೋರ್ನ ಕೇಳು. ನಾನೂ ಬರ್ತೀನಿ ನಿನ್ನ ಜೊತೆ, ಇಬ್ರೂ ಸೇರಿ ಕೂಗನ. ಅದು ಬಿಟ್ಟು ನನ್ನ ಹುಚ್ಚಿ ಮಾಡಿ ಮಕ್ಕಳಿಗೆ ಉಣ್ಸಬ್ಯಾಡ."

ಅವನು ಡಬ್ಬಿಯನ್ನು ಜಗಲಿಯ ಮೇಲಿಟ್ಟು ಹೊರಟ. ಹಾಲಮ್ಮ ಅದನ್ನು ಎಸೆಯಲಿಲ್ಲ, ತೆರೆಯಲೂ ಇಲ್ಲ. ಹಿಂದೆಯೇ ಹೋಗಿ ಅವನ ಕೈಗಿಟ್ಟು ಬಂದಳು.

ಹದಿನಾಲ್ಕು ಸುತ್ತಿನ ಹೊತ್ತಿಗೆ, ಒಂದು ಮಧ್ಯಾಹ್ನ, ಬುಡ ಅಗೆಯುತ್ತಿದ್ದವಳ ಹಾರೆ ನಿಂತಿತು. ಕನ್ನಪ್ಪ ಬೀಡಿ ಹಚ್ಚುವಾಗ ಒಂದು ಕಣ್ಣು ಮುಚ್ಚುತ್ತಿದ್ದದ್ದು ನೆನಪಾಯಿತು. ಅಷ್ಟೇ. ಅವಳು ಮಣ್ಣಿನಲ್ಲಿ ಕೂತು ಅತ್ತಳು. ಎರಡೂವರೆ ವರ್ಷದ ಹಿಂದೆ ಹೆಣದ ಪಕ್ಕ ಬರದಿದ್ದ ಅಳು ಈಗ ಬಂತು, ಕ್ಯಾಂಪಿಗೆಲ್ಲ ಕೇಳುವ ಹಾಗೆ. ಮತ್ತೆ ಬಿದ್ದಳೇನೋ ಎಂದು ಹೂವಮ್ಮ ಓಡಿಬಂದಳು.

"ಎಂತ ಆಯ್ತೇ?"

"ಅವ್ರು ಸತ್ತೋದ್ರು ಹೂವಕ್ಕ."

ಹೂವಮ್ಮ ಅರ್ಥ ಮಾಡಿಕೊಂಡು ಪಕ್ಕದಲ್ಲಿ ಕೂತಳು. ಸುತ್ತಲಿನ ಮನೆಗಳ ಹೆಂಗಸರೂ ಒಬ್ಬೊಬ್ಬರಾಗಿ ಬಂದು ಕೂತರು, ಇವತ್ತೇ ಸಾವಾದಂತೆ. ಒಬ್ಬಳು ಗಂಜಿ ಕಾಯಿಸಿ ತಂದಳು. ಸತ್ತವರಿಗಾಗಿ ಅಳುವ ಹಕ್ಕನ್ನೂ ಕಿತ್ತುಕೊಂಡ ಗುಳಿಗೆಯಿಂದ ಅದನ್ನು ಅವಳು ವಾಪಸು ಪಡೆದಿದ್ದಳು. ಆರು ದಿನ ಹದಿನಾಲ್ಕರಲ್ಲೇ ಹೆಚ್ಚಿಗೆ ನಿಂತು, ಅತ್ತು ಮುಗಿಸಿ ಹದಿಮೂರಕ್ಕೆ ಇಳಿದಳು.

ವಿಚಾರಣೆಯ ಬೆಳಿಗ್ಗೆ ಇನ್ನೂ ಮೂರು ಸುತ್ತು ಉಳಿದಿತ್ತು. ಹಾಲಮ್ಮ ಎಂದಿನಂತೆ ಮೂರೇ ತೇಯ್ದಳು. ಕಚೇರಿಯ ಹೆಸರಲ್ಲಿ ಒಂದೂ ಹೆಚ್ಚು ಮಾಡಲಿಲ್ಲ. ಹೊಸನಗರದ ಬಸ್ಸಿನಲ್ಲಿ ಹೂವಮ್ಮ ಅವಳ ಕಿವಿಗೆ ಬಾಯಿಟ್ಟಳು.

"ಗುಳಿಗೆ ತಗಳ್ತೀಯ ಅಂತ ಕೇಳಿದ್ರೆ ಇಲ್ಲ ಅನ್ನು. ಮೂರು ಸುತ್ತು ಒಂದು ಗುಳಿಗೇನಾ?"

ಹಾಲಮ್ಮ ಕಿಟಕಿಯಾಚೆ ನೋಡುತ್ತಿದ್ದಳು.

"ಕೇಳಿಸ್ತಾ? ಇಲ್ಲ ಅಂದ್ರೆ ಜಮೀನು ನಿಂದು. ಹೌದು ಅಂದ್ರೆ ಅವಂದು. ಅಷ್ಟೇ ಇರೋದು."

ತಾಲ್ಲೂಕು ಕಚೇರಿಯಲ್ಲಿ ಮೂರು ಗಂಟೆ ನಿಲ್ಲಿಸಿ ಆಮೇಲೆ ಕರೆದರು. ಸಾಹೇಬರು ಮೇಜಿನ ಹಿಂದೆ, ಪಕ್ಕದಲ್ಲಿ ಗುಮಾಸ್ತ, ಈಚೆ ಗೋಡೆಗೆ ಒರಗಿ ಜಟ್ಟಿಂಗಪ್ಪ. ಹೆಸರು, ಗಂಡನ ಹೆಸರು, ಮುಳುಗಡೆ ಊರು, ಈಗಿನ ಜಮೀನಿನ ನಾಲ್ಕೂ ದಿಕ್ಕಿನ ಗಡಿ ಕೇಳಿದರು. ಹಾಲಮ್ಮ ಹೇಳಿದಳು. ಕೈ ನಡುಗುತ್ತಿತ್ತು. ಸೆರಗಿನೊಳಗೆ ಮುಚ್ಚಿಕೊಳ್ಳಲಿಲ್ಲ.

ಗುಮಾಸ್ತ ಆ ಚೀಟಿ ಎತ್ತಿ ತೋರಿಸಿದ. "ಈ ಗುಳಿಗೆ ಈಗ್ಲೂ ತಗೊಳ್ತೀಯೇನಮ್ಮಾ?"

ಹೂವಮ್ಮ ಬಾಗಿಲ ಬಳಿ ನಿಂತು ಕಣ್ಣು ಮುಚ್ಚಿಕೊಂಡಳು.

"ತಗಳ್ತೀನಿ" ಎಂದಳು ಹಾಲಮ್ಮ.

ಜಟ್ಟಿಂಗಪ್ಪ ತಲೆ ಎತ್ತಿದ. ಗುಮಾಸ್ತ ಬರೆದುಕೊಳ್ಳಲು ಬಗ್ಗಿದ.

"ತಡೀರಿ, ಪೂರ್ತಿ ಹೇಳ್ತೀನಿ, ಪೂರ್ತಿ ಬರ್ಕಳಿ. ಮೂವತ್ತಾರು ಸುತ್ತು ತಗಳ್ತಿದ್ದೆ. ಈಗ ಮೂರು. ಕಲ್ಲಿನ ಮೇಲೆ ತೇಯ್ದು ನಾಲ್ಕು ದಿನಕ್ಕೊಂದು ಸುತ್ತು ಇಳ್ಸಿದೀನಿ. ಇಪ್ಪತ್ತಾರರಲ್ಲಿ ಇಳಿಯಕ್ಕಾಗದೆ ಹನ್ನೆರಡು ದಿನ ಹೆಚ್ಚು ನಿಂತೆ. ಹದಿನಾಲ್ಕರಲ್ಲಿ ಗಂಡನ್ನ ನೆನ್ಸಿ ಅತ್ತೆ, ಆರು ದಿನ ಹೆಚ್ಚು. ಒಟ್ಟು ನೂರೈವತ್ತು ದಿನ ಆಯ್ತು ಇವತ್ತಿಗೆ."

ಸಾಹೇಬರು ಬ್ಲಾಟಿಂಗ್ ಕಾಗದದ ಮೇಲೆ ಗುಣಿಸಿದರು, ಕೂಡಿಸಿದರು. ನೂರೈವತ್ತೇ ಬಂತು.

"ಎಲ್ಲಾದ್ರೂ ಬರೆದಿಟ್ಟಿದ್ದೀಯಾ?"

"ಬರಿಯಕ್ಕೆ ಬರಲ್ಲ ಸ್ವಾಮಿ. ತಲೇಲಿದೆ. ಸರಿಯಿಲ್ಲ ಅಂತ ಬರ್ದಿದೀರಲ್ಲ, ಅದೇ ತಲೇಲಿ."

ಹಾಲಮ್ಮ ನಿಲ್ಲಿಸಲಿಲ್ಲ, ನಾಲ್ಕೂವರೆ ವರ್ಷದ ಹಿಂದೆ ಜೀಪಿಗೆ ಅಡ್ಡ ನಿಂತಾಗಿನ ಆ ಸ್ವರವೇ ಮರಳಿತ್ತು. "ಊರು ಮುಳುಗಿಸಿದ್ರಿ, ಎದೆ ಹೊಡ್ಕಂತು. ಹೊಡ್ಕಳೋ ಎದೆಗೆ ಗುಳಿಗೆ ಕೊಟ್ರಿ. ಗುಳಿಗೆ ತಿಂದ್ಲು ಅಂತ ಹುಚ್ಚಿ ಅಂದ್ರಿ. ಹುಚ್ಚಿ ಅಂತ ಈಗ ಜಮೀನೂ ಕಿತ್ಕಳಕ್ಕೆ ಕೂತಿದೀರಿ. ಇದ್ರಲ್ಲಿ ತಲೆ ಕೆಟ್ಟಿರೋದು ಯಾರ್ದು? ಬರ್ಕಳಿ, ಇದನ್ನೂ ಬರ್ಕಳಿ. ಕೈ ನಡುಗ್ತದೆ ಅಂತ್ಲೂ ಬರ್ಕಳಿ. ಸುಳ್ಳು ಹೇಳಿ ತಗಳೋ ಜಮೀನು ನಂಗೆ ಬ್ಯಾಡ."

ಸಾಹೇಬರು ಜಟ್ಟಿಂಗಪ್ಪನ ಕಡೆ ತಿರುಗಿದರು. "ನೀನೇನಾದ್ರೂ ಹೇಳೋದಿದೆಯಾ?"

ಅವನು ಬಾಯಿ ತೆರೆದ. ಹಾಲಮ್ಮನ ಕೈ ನೋಡಿದ. "ಅವ್ಳು ಹೇಳಿದ್ದು ಸುಳ್ಳಲ್ಲ" ಎಂದ. ಅದಕ್ಕಿಂತ ಹೆಚ್ಚು ಅವನಿಂದಾಗಲಿಲ್ಲ.

ಅರ್ಜಿ ವಜಾ ಎಂದು ಸಾಹೇಬರು ಬರೆಸಿದರು. ಗುಮಾಸ್ತ ಪುಸ್ತಕವನ್ನು ಹಾಲಮ್ಮನ ಮುಂದೆ ತಿರುಗಿಸಿ, ಇಂಕಿನ ಪ್ಯಾಡು ಸರಿಸಿದ. "ಇಲ್ಲಿ ಹೆಬ್ಬೆಟ್ಟು ಒತ್ತು."

"ಮೊದ್ಲು ಆ ಸಾಲು ಹೊಡೀರಿ."

"ಯಾವ ಸಾಲು?"

"ಬುದ್ಧಿ ಸ್ತಿಮಿತ ಇಲ್ಲ ಅನ್ನೋದು."

"ಅರ್ಜಿನೇ ವಜಾ ಆಯ್ತಲ್ಲಮ್ಮ. ಹೊಡಿಯೋ ಪದ್ಧತಿ ಇಲ್ಲ."

"ಹಂಗಾದ್ರೆ ಹೆಬ್ಬೆಟ್ಟು ಒತ್ತೋ ಪದ್ಧತಿ ನಂಗೂ ಇಲ್ಲ."

ಗುಮಾಸ್ತ ಸಾಹೇಬರ ಮುಖ ನೋಡಿದ. ಸಾಹೇಬರೇ ಕೆಂಪು ಇಂಕಿನ ಪೆನ್ನು ತೆಗೆದು ಅರ್ಜಿಯ ಆ ಸಾಲಿನ ಮೇಲೆ ಗೀಟೆಳೆದು ಪಕ್ಕದಲ್ಲಿ ರುಜು ಹಾಕಿದರು. ಹಾಲಮ್ಮ ಜವಾನನನ್ನು ಕರೆದು, ಹೊಡೆದದ್ದು ಅದೇ ಸಾಲು ಹೌದೋ ಅಲ್ಲವೋ ಎಂದು ಓದಿಸಿ ಕೇಳಿದಳು. ಹೌದು ಎಂದ.

ಗುಮಾಸ್ತ ನಡುಗುವ ಅವಳ ಮಣಿಕಟ್ಟನ್ನು ಹಿಡಿಯಲು ಕೈ ಚಾಚಿದ.

"ಮುಟ್ಬ್ಯಾಡಿ. ನಾನೇ ಒತ್ತೀನಿ."

ಮೊದಲ ಸಲ ಕೈ ಅಲುಗಿ ಮಸಿ ಹರಡಿತು. ಗುಮಾಸ್ತ ಲೊಚಗುಟ್ಟಿದ. ಎರಡನೇ ಸಲವೂ ಗೆರೆ ಕದಡಿತು. ಹಾಲಮ್ಮ ಅವಸರ ಮಾಡಲಿಲ್ಲ. ಕಚೇರಿ ಕಾಯಿತು, ಸಾಹೇಬರು ಕಾದರು. ಮೂರನೇ ಸಲ ಉಸಿರು ಬಿಗಿಹಿಡಿದು ಒತ್ತಿದಳು. ಗೆರೆಗಳೆಲ್ಲ ಸ್ಪಷ್ಟವಾಗಿ ಮೂಡಿದವು.

ಬಾಗಿಲ ಪಕ್ಕದ ಗೋಡೆ, ಬಂದವರೆಲ್ಲ ಹೆಬ್ಬೆಟ್ಟಿನ ಮಸಿ ಒರೆಸಿ ಒರೆಸಿ ಆಳೆತ್ತರಕ್ಕೆ ಕರಿ ಹಿಡಿದಿತ್ತು. ಹಾಲಮ್ಮ ಅಲ್ಲಿ ಬೆರಳು ಒರೆಸಲಿಲ್ಲ. ಮಸಿ ಬೆರಳನ್ನು ಹಾಗೆಯೇ ಹೊರಗೆ ಹಿಡಿದುಕೊಂಡು, ಹೂವಮ್ಮನ ಹೆಗಲಿಗೆ ಇನ್ನೊಂದು ಕೈ ಹಾಕಿ, ಹೊಸನಗರದ ಪೇಟೆಯ ನಟ್ಟನಡುವೆ ನಡೆದುಹೋದಳು.